ಎಚ್ಚರದಲ್ಲೇ ಇರ್ತೀನಿ

"ನನ್ನನ್ನ ಮಲಗಿಸ್ಬೇಡಿ ಡಾಕ್ಟ್ರೇ! ಕತ್ತರಿಸಿ, ಹೊಲೀರಿ, ಏನಾದ್ರೂ ಮಾಡ್ಕೊಳ್ಳಿ... ಆದ್ರೆ ನಿದ್ದೆ ಮಾತ್ರ ಬೇಡ!"

ಮೂಗಿನ ಡಾಕ್ಟರ್ ಟಾರ್ಚ್ ಆರಿಸುವುದನ್ನೇ ಮರೆತ. ಬೆಳಕು ನೇರವಾಗಿ ಅವಳ ಕಣ್ಣಿಗೆ ಬಿದ್ದಿತ್ತು. ಅವಳು ರೆಪ್ಪೆ ಮುಚ್ಚಲಿಲ್ಲ.

"ಮೂಗಲ್ಲಿ ದುರ್ಮಾಂಸ ಬೆಳೆಸ್ಕೊಂಡಿದಾಳೆ," ಪಕ್ಕದಲ್ಲಿದ್ದ ಚಿಕ್ಕಮ್ಮ ಶುರುಮಾಡಿದಳು. "ಕೆಲಸ ಬೇಕರೀಲಿ. ಬ್ರೆಡ್ ಸುಟ್ಟು ಕರಕಲಾದ್ರೂ ವಾಸನೆ ಗೊತ್ತಾಗಲ್ಲ. ಅದರ ಮೇಲೆ ಈ ಹಠ!"

ಡಾಕ್ಟರ್ ಚಿಕ್ಕಮ್ಮನ ಕಡೆ ನೋಡಲಿಲ್ಲ. ಅವಳನ್ನೇ ಮೆಲ್ಲಗೆ ಕೇಳಿದ.

"ಯಾರು ಏಳಲಿಲ್ಲ?"

ಅವಳು ತಟ್ಟನೆ ಅವನತ್ತ ತಿರುಗಿದಳು. ಇಷ್ಟು ದಿನ ಯಾರೂ ಹೀಗೆ ಕೇಳಿರಲಿಲ್ಲ...

"ಅಕ್ಕ," ಎಂದಳು. "ಚಿಕ್ಕ ಆಪರೇಷನ್. ಹೀಗೆ ಹೋಗಿ ಹಾಗೆ ಬರ್ತೀನಿ ಅಂದಿದ್ಲು."

ಮುಂದಿನದನ್ನು ಅವಳು ಹೇಳಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಪಕ್ಕದಲ್ಲೇ ಇನ್ನೊಂದು ಉಸಿರು ಕೇಳಿಸುತ್ತದೆ. ಮೃದುವಾದ, ಪರಿಚಿತ ಉಸಿರು. ಕೇಳುತ್ತಾ ಕೇಳುತ್ತಾ ಅದು ನಿಂತುಬಿಡುತ್ತದೆ. ಆಮೇಲೆ ಅವಳಿಗೆಲ್ಲಿಯ ನಿದ್ದೆ?

"ನಿಮ್ಮನ್ನ ಮಲಗಿಸಲ್ಲ," ಎಂದ ಡಾಕ್ಟರ್. "ಔಷಧಿಯಲ್ಲಿ ನೆನೆಸಿದ ಬಟ್ಟೆಯ ಬತ್ತಿ ಮೂಗಿನೊಳಗಿಟ್ಟು ಸ್ವಲ್ಪ ಹೊತ್ತು ಕಾಯ್ತೀವಿ. ಜಾಗ ಮರಗಟ್ಟುತ್ತೆ. ನೋವು ಗೊತ್ತಾಗಲ್ಲ. ನೀವು ಎಚ್ಚರವಾಗೇ ಇರ್ತೀರಿ."

ತಪಾಸಣೆಗೆಂದು ಅವಳು ಮತ್ತೆ ಮತ್ತೆ ಹೋದಳು. ಬನ್ನಿನ ನೆಪದಲ್ಲಿ ಅವನು ಸಂಜೆ ಸಂಜೆ ಬೇಕರಿಗೆ ಬಂದ.

"ಈ ಡಾಕ್ಟರಿಗೆ ಮನೇಲಿ ಅನ್ನ ಬೇಯಿಸೋರು ಯಾರೂ ಇಲ್ವೇನೇ?" ಎಂದು ಚಿಕ್ಕಮ್ಮ ಕುಟುಕಿದಳು. ಅವಳು ನಾಚಿ ತಲೆ ತಗ್ಗಿಸಿದಳು.

ಆದರೆ ಆಪರೇಷನ್ ದಿನ ಆದದ್ದೇ ಬೇರೆ.

ಬತ್ತಿ ಇಟ್ಟು ಕಾಯುತ್ತಿದ್ದಾಗ ಏನೋ ಕಹಿ ಗಂಟಲಿಗಿಳಿಯಿತು. ಗಂಟಲು ಮರಗಟ್ಟಿತು. ಉಗುಳು ನುಂಗಿದರೆ ನುಂಗಿದ್ದೇ ತಿಳಿಯಲಿಲ್ಲ. ಉಸಿರು... ಉಸಿರಾಡುತ್ತಿದ್ದೇನಾ?

ಕಿವಿಯ ಪಕ್ಕದಲ್ಲಿ ಆ ಇನ್ನೊಂದು ಉಸಿರು ಕೇಳಿಸಿತು. ನಿಂತಿತು.

ಅವಳು ಮೇಜಿನಿಂದ ಹಾರಿ ಹೊರಗೋಡಿದಳು. ಮೂಗಿನಿಂದ ಬತ್ತಿ ಜೋತಾಡುತ್ತಿತ್ತು. ವೆರಾಂಡಾದಲ್ಲಿ ಅವನು ಅವಳನ್ನು ತಡೆದು, ಬತ್ತಿ ತೆಗೆದ.

"ಗಂಟಲು ಹೀಗಾಗುತ್ತೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಔಷಧಿ ಹಿಂದಕ್ಕೆ ಇಳಿದ್ರೆ ಹಾಗೆ ಅನಿಸುತ್ತೆ, ಅಪಾಯ ಏನಿಲ್ಲ. ಮೊದಲೇ ಹೇಳಿದ್ರೆ ಹೆದರ್ತೀರಿ ಅಂತ..."

"ಅಕ್ಕ ಹೆದರ್ತಾಳೆ ಅಂತಾನೇ ಅವಳಿಗೂ ಯಾರೂ ಏನೂ ಹೇಳ್ಲಿಲ್ಲ!"

ಅವನ ಮುಖ ಬಿಳುಚಿತು. ಅವಳು ತಿರುಗಿ ನೋಡದೆ ಹೊರಟುಹೋದಳು.

ಬೇಕರಿಯ ಬಾಗಿಲಲ್ಲಿ ಸಂಜೆಗಳು ಬಂದುಹೋದವು. ಅವನು ಮಾತ್ರ ಬರಲಿಲ್ಲ.

ಕೊನೆಗೊಂದು ದಿನ ಚಿಕ್ಕಮ್ಮ ಅವಳ ಕೈ ಹಿಡಿದು ಆಸ್ಪತ್ರೆಗೆ ಎಳೆದೊಯ್ದಳು. "ಆ ಡಾಕ್ಟರ್ ಹೇಳಿ ಕಳ್ಸಿದಾರೆ, ಒಂದ್ಸಲ ನೋಡು ಬಾರೇ. ಆಮೇಲೆ ಜನ್ಮದಲ್ಲಿ ಬರಬೇಡ!"

ಒಳಗೆ ರೋಗಿಯ ಕುರ್ಚಿಯಲ್ಲಿ ಅವನೇ ಕೂತಿದ್ದ. ಅವನ ಹಿರಿಯರಾದ ಡಾಕ್ಟರ್ ಮೇಡಂ ಅವನ ಮೂಗಿಗೆ ಬತ್ತಿ ಇಡುತ್ತಿದ್ದರು.

"ಇಷ್ಟು ವರ್ಷದ ಸರ್ವೀಸಲ್ಲಿ ಡಾಕ್ಟರ್ ಮೂಗಿಗೇ ಬತ್ತಿ ತುರುಕಿದ್ದು ಇದೇ ಮೊದಲು," ಎಂದು ಗೊಣಗಿದರು. "ತಾನು ಅನುಭವಿಸದೇನೇ ರೋಗಿಗೆ ಧೈರ್ಯ ಹೇಳ್ತಿದ್ದನಂತೆ. ಈಗ ತಿಳ್ಕೋಬೇಕಂತೆ!"

ಅವಳು ಬಾಗಿಲಲ್ಲೇ ನಿಂತಳು.

"ಕಹಿ ಇಳೀತಿದೆ..." ಅವನು ಅವಳಿಗೆ ಹೇಳತೊಡಗಿದ. "ಗಂಟಲಲ್ಲಿ ಉಂಡೆ ಕೂತ ಹಾಗಿದೆ. ನುಂಗಿದ್ದೇ ಗೊತ್ತಾಗ್ತಿಲ್ಲ... ನೀವು ಸುಮ್ಮಸುಮ್ಮನೆ ಹೆದರಿರಲಿಲ್ಲ. ನಿಜವಾಗ್ಲೂ ಭಯ ಆಗುತ್ತೆ!"

ಅವನ ಬೆರಳುಗಳು ಕುರ್ಚಿಯನ್ನು ಬಿಗಿಹಿಡಿದಿದ್ದವು. ಅದು ನಾಟಕವಲ್ಲ. ಅವಳು ತನಗರಿವಿಲ್ಲದೆಯೇ ಹೋಗಿ ಆ ಕೈ ಹಿಡಿದಳು.

"ಬಾಯಿಂದ ಉಸಿರು ತಗೊಳ್ಳಿ. ಬರ್ತಿದೆ ನೋಡಿ... ನನಗೆ ಕೇಳಿಸ್ತಿದೆ."

ಒಂದು ಉಸಿರು. ಇನ್ನೊಂದು. ಅವಳು ಕಾದಳು. ಅದು ನಿಲ್ಲಲಿಲ್ಲ.

"ನಿಮ್ಮ ಆಪರೇಷನ್ ಇನ್ನು ನಾನು ಮಾಡಲ್ಲ," ಎಂದ ಅವನು. "ಮೇಡಂ ಮಾಡ್ತಾರೆ."

"ಯಾಕೆ? ನನ್ನ ಮೇಲೆ ಕೋಪಾನಾ?"

"ಡಾಕ್ಟರಾದವನು ತನ್ನ ರೋಗಿಯನ್ನ ಹೀಗೆ ಇಷ್ಟಪಡಬಾರದು. ಅದಕ್ಕೆ."

ಚಿಕ್ಕಮ್ಮ ಕಿಟಕಿಯಾಚೆ ಏನೋ ನೋಡುವವಳಂತೆ ನಿಂತಳು. ಮೇಡಂ ಮಾತ್ರ ನೇರವಾಗಿಯೇ ನಕ್ಕರು.

ಆಪರೇಷನ್ ದಿನ ಮೇಡಂ ಪ್ರತಿಯೊಂದನ್ನೂ ಮೊದಲೇ ಹೇಳಿ ಮಾಡಿದರು. ಗಂಟಲು ಮರಗಟ್ಟಿತು. ಮೂಗು ಒತ್ತಿದಂತಾಯಿತು, ತಲೆಯೊಳಗೆ ಕರಕರ ಸದ್ದು ಕೇಳಿಸಿತು. ನೋವಾಗಲಿಲ್ಲ. ಅವನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದ.

ವಾರ್ಡಿಗೆ ಬಂದ ಮೇಲೆ ಅವಳ ರೆಪ್ಪೆ ತಾನಾಗಿ ಭಾರವಾಯಿತು. ಎಷ್ಟೋ ಕಾಲದ ದಣಿವು... ಅವಳು ಬೆಚ್ಚಿ ಅವನ ತೋಳು ಹಿಡಿದಳು.

"ನಿದ್ದೆ ಬರ್ತಿದೆ. ಭಯ ಆಗ್ತಿದೆ."

"ಇಲ್ಲೇ ಇರ್ತೀನಿ."

"ಎಬ್ಬಿಸ್ತೀರಾ?"

"ಎಬ್ಬಿಸ್ತೀನಿ."

"ಇವತ್ತು ಮಾತ್ರಾನಾ?"

ಅವನು ಅವಳ ಹಣೆಯ ಕೂದಲು ಸರಿಸಿದ.

"ನೀವು ಸಾಕು ಅನ್ನೋವರೆಗೂ."

"ಅನ್ನಲ್ಲ," ಎಂದಳು ಅವಳು, ಕಣ್ಣು ಮುಚ್ಚುತ್ತಾ.