ಬಂದರಿನ ಮುದುಕಿ ಕೊಟ್ಟ ಕೈಗವಸು

ಕಳೆದ ವರ್ಷ ಅಪ್ಪನಿಗೆ ಎಪ್ಪತ್ತು ತುಂಬಿತೆಂದು ನಾನು ಅವರನ್ನು ನಾಶಿಕದಿಂದ ನಾರ್ವೆಯ ಹಡಗು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆ. ಅಪ್ಪ ಬೀದರ ಕಡೆಯವರು. ನಾಶಿಕದ ಅಂಬಡ್‌ನ ಕಾರ್ಖಾನೆಯಲ್ಲೇ ಆಯುಷ್ಯ ಕಳೆದವರು, ಅದುವರೆಗೆ ಸಮುದ್ರವನ್ನೇ ನೋಡಿರಲಿಲ್ಲ.

ಉತ್ತರದ ತುದಿಯ ಪುಟ್ಟ ಬಂದರೊಂದರಲ್ಲಿ ಹಡಗು ನಿಂತಿತು. ಜೂನ್ ತಿಂಗಳ ಮಧ್ಯಾಹ್ನವಾದರೂ ಹಲ್ಲು ಕಟಕಟಿಸುವ ಚಳಿ. ನಾನು ಮೊಬೈಲಿನಲ್ಲಿ ದಾರಿ ಹುಡುಕುವಷ್ಟರಲ್ಲಿ ಅಪ್ಪ ಒಂದು ಸಂದಿಗೆ ತಿರುಗಿಯಾಗಿತ್ತು.

"ಅಪ್ಪಾ, ಎಲ್ಲಿ ಹೊಂಟೀರಿ?"

"ಈ ಕಡಿಂದ ಬಾ ಭುವನಾ. ಇಲ್ಲಿ ಗಾಳಿ ಬಡ್ಯಂಗಿಲ್ಲ."

ನಿಜಕ್ಕೂ ಅಲ್ಲಿ ಗಾಳಿ ಇರಲಿಲ್ಲ. ಎಲ್ಲಿಂದಲೋ ಜೋಳದ ರೊಟ್ಟಿ ಸುಡುವ ವಾಸನೆ ಬರುತ್ತಿತ್ತು. ಅಪ್ಪ ಹಳದಿ ಬಾಗಿಲಿನ ಮನೆಯೊಂದರ ಮುಂದೆ ನಿಂತು, "ಬಾವಿ ಮುಚ್ಚ್ಯಾರ ನೋಡು" ಎಂದರು. ಕಾಲಡಿಯಲ್ಲಿ ಗುಂಡಗೆ ಜೋಡಿಸಿದ ಹಳೆಯ ಕಲ್ಲುಗಳಿದ್ದವು. ವಯಸ್ಸಾಯಿತಲ್ಲ, ಬುದ್ಧಿ ಮಂಕಾಗುತ್ತಿದೆಯೇನೋ ಎಂದು ಹೆದರಿ ನಾನು ಅವರ ತೋಳು ಹಿಡಿದುಕೊಂಡೆ.

ಆಗ ಬಾಗಿಲು ತೆರೆಯಿತು. ಬಿಳಿಗೂದಲ ಮುದುಕಿಯೊಬ್ಬಳು ಅಪ್ಪನನ್ನು ಕಂಡು ಮುಗುಳ್ನಕ್ಕು, ಒಳಗಿನಿಂದ ಉಣ್ಣೆಯ ಕೈಗವಸು ತಂದು, ತಾನೇ ಅವರ ಕೈಗೆ ತೊಡಿಸಿ, ಬಾಗಿಲು ಹಾಕಿಕೊಂಡಳು.

"ಥ್ಯಾಂಕ್ಸ್ ಅನ್ಬೇಕಿತ್ತಪ್ಪಾ."

"ಮನಿ ಮಂದಿಗಿ ಏನ್ ಥ್ಯಾಂಕ್ಸವ್ವ" ಎನ್ನುತ್ತ ಅಪ್ಪ ಬಂದರಿನ ಕಡೆ ನಡೆದರು.

ಹಡಗಿನಲ್ಲಿ ನಾನೇ ಅವನ್ನು ಕಳಚಿದೆ. ಉಣ್ಣೆ ಬಹಳ ಹಳೆಯದು, ಎಷ್ಟೋ ವರ್ಷ ಪೆಟ್ಟಿಗೆಯಲ್ಲಿಟ್ಟ ವಾಸನೆ. ಎಡಗೈಯ ಕಿರುಬೆರಳನ್ನು ಮಾತ್ರ ಅರ್ಧಕ್ಕೇ ಹೆಣೆದು ಮುಗಿಸಿದ್ದರು. ನಾನು ಐದನೇ ಇಯತ್ತೆಯಲ್ಲಿದ್ದಾಗ ಪ್ರೆಸ್ ಮಷೀನಿಗೆ ಸಿಕ್ಕಿ ಅಪ್ಪ ಕಳೆದುಕೊಂಡದ್ದು ಅದೇ ಬೆರಳಿನ ಅರ್ಧ.