ಗಾಜಿಗೆ ಹಚ್ಚಿದ ವಿಭೂತಿ

‘ಪೆಟ್ಟಿಗಿ ಮುಂದ ನಿಂದ್ರಬ್ಯಾಡ್ರಿ. ಬೆಳಕ ತಡೀತೈತಿ.’

ಕಾಗವಾಡದ ಕಡೆಯ ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಕಬ್ಬಿನ ಗಾಡಿ ತೂಗುವ ಜ್ಞಾನದೇವನಿಗೆ ಕುಸುಮ ಆಡಿದ ಮೊದಲ ಮಾತೇ ಗದರಿಕೆ. ಅವನು ಹಿಂದೆ ಮುಂದೆ ನೋಡಿದ, ಬೆಳಕು ಎಲ್ಲೂ ಇಲ್ಲ. ಅದು ಕಣ್ಣಿಗೆ ಕಾಣುವ ಬೆಳಕಲ್ಲ ಎಂದು ಅವಳು ನಕ್ಕಳು. ನಗು ಮಾತ್ರ ಚೆನ್ನಾಗಿ ಕಂಡಿತು. ಅಲ್ಲಿಗೆ ಇವನ ಕಥೆ ಮುಗಿಯಿತು.

ಅದು ತೊಂಬತ್ತಾರನೆಯ ಇಸವಿ. ಕಾಟಾದಿಂದ ಆಫೀಸಿನ ಕಂಪ್ಯೂಟರಿಗೆ ತೂಕದ ಅಂಕಿ ಒಯ್ಯುವ ವಾಯರನ್ನು ಟ್ರ್ಯಾಕ್ಟರುಗಳು ಪದೇ ಪದೇ ಹರಿದು ಹಾಕುತ್ತಿದ್ದವು. ಅಥಣಿಯ ಇಂಜಿನಿಯರ್ ಕುಸುಮ ವಾಯರನ್ನೇ ಕಿತ್ತೆಸೆದು, ಎರಡೂ ತುದಿಗೆ ಗಾಜಿನ ಮುಖದ ಒಂದೊಂದು ಪೆಟ್ಟಿಗೆ ಕೂರಿಸಿ, ಬೆಳಕಿನ ಮೇಲೆಯೇ ಅಂಕಿ ಕಳಿಸಿದಳು. ಇಂಥ ತಲೆ ಇನ್ನೊಂದಿಲ್ಲ ಎಂದು ಜ್ಞಾನದೇವ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಖಂಡೇನವಮಿ ಕಳೆದು ಕಬ್ಬು ನುರಿಸಲು ಶುರುವಾದದ್ದೇ ಪೆಟ್ಟಿಗೆ ಮೊಂಡು ಹಿಡಿಯಿತು. ಒಂದು ಅಂಕಿ ದಾಟಲು ನಾಲ್ಕಾರು ಸಲ ಕಳಿಸಬೇಕು. ಗಾಡಿಗಳ ಸಾಲು ರಸ್ತೆ ಮುಟ್ಟಿತು. ಕುಸುಮ ಪೆಟ್ಟಿಗೆಯ ಒಳಗೆಲ್ಲ ಹುಡುಕಿದಳು, ತಪ್ಪು ಸಿಗಲಿಲ್ಲ. ಸೋಮವಾರದೊಳಗೆ ವೇಗ ಬರದಿದ್ದರೆ ಎಲ್ಲ ಬಿಚ್ಚಿಕೊಂಡು ಹೋಗಬೇಕೆಂದು ಮ್ಯಾನೇಜರ್ ತಾತ್ಯಾಸಾಹೇಬರು ಖಡಾಖಂಡಿತವಾಗಿ ಹೇಳಿದರು. ಅಂದು ಅವಳು ರೊಟ್ಟಿ ಗಂಟು ಬಿಚ್ಚಲೇ ಇಲ್ಲ. ಜ್ಞಾನದೇವನಿಗೂ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬೇಗ ಬಂದಳು. ಜ್ಞಾನದೇವ ಮಿಂದು ಮಡಿಯಾಗಿ ಪೆಟ್ಟಿಗೆಯ ಗಾಜಿಗೆ ಮೂರು ಬೆರಳು ಎಳೆಯುತ್ತಿದ್ದ.

‘ಏನ ಮಾಡಾಕತ್ತೀರಿ?’

‘ವಿಭೂತಿ ಹಚ್ಚಾಕತ್ತೇನ್ರಿ. ನಿಮ್ಮ ಕೆಲಸಕ್ಕ ವಿಘ್ನ ಬರಬಾರದಂತ. ಖಂಡೇನವಮಿಯಿಂದ ಒಂದಿನಾ ತಪ್ಪಿಸಿಲ್ಲ.’

ಕುಸುಮ ಕಟ್ಟೆಯ ಮೇಲೆ ಕುಸಿದು ಕುಳಿತಳು. ಪೆಟ್ಟಿಗೆಯ ಒಳಗೆಲ್ಲ ತಡಕಿದವಳು ಹೊರಗಿನ ಗಾಜನ್ನು ಗಮನಿಸಿಯೇ ಇರಲಿಲ್ಲ. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬೂದಿ ಬೆಳಕನ್ನು ನುಂಗುತ್ತಿದೆ, ಅಂಕಿ ಅರ್ಧಂಬರ್ಧ ಮುಟ್ಟುತ್ತಿದೆ, ಅದಕ್ಕೇ ಮತ್ತೆ ಮತ್ತೆ ಕಳಿಸಬೇಕಾಗಿದೆ ಎಂದು ತಿಳಿಸಿ, ಸೆರಗಿನಿಂದ ಗಾಜು ಒರೆಸಿದಳು. ಅಂಕಿಗಳು ಓಡತೊಡಗಿದವು. ಜ್ಞಾನದೇವನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವಳು ಮಾತ್ರ ಬೈಯಲಿಲ್ಲ, ಅವನನ್ನೇ ಓರೆಗಣ್ಣಿನಲ್ಲಿ ನೋಡಿದಳು.

ಅಷ್ಟಕ್ಕೇ ಬಿಡುವವಳಲ್ಲ ಅವಳು. ದೊಡ್ಡ ಗಾಜು ತರಿಸಿದಳು, ಬಿಸಿಲು ನುಗ್ಗದಂತೆ ಅದರ ಸುತ್ತ ಕಪ್ಪು ಕೊಳವೆ ಕೂರಿಸಿದಳು, ವೇಗ ಇನ್ನೂ ಏರಿಸಿದಳು. ಗಾಡಿ ಕಾಟಾದಿಂದ ಇಳಿಯುವ ಮೊದಲೇ ತೂಕ ಆಫೀಸು ಸೇರುತ್ತಿತ್ತು. ತಾತ್ಯಾಸಾಹೇಬರೇ ಬಂದು ನೋಡಿ ಶಹಬ್ಬಾಸ್ ಎಂದರು. ಜ್ಞಾನದೇವನ ಎದೆ ಉಬ್ಬಿತು, ಮರುಕ್ಷಣವೇ ಕುಸಿಯಿತು. ಕೆಲಸ ಗೆದ್ದಿತು ಎಂದರೆ ಅವಳು ಹೊರಟಳು ಎಂದೇ ಅರ್ಥ.

ಬಸ್ ಸ್ಟ್ಯಾಂಡಿನವರೆಗೆ ಅವಳ ಸಾಮಾನು ಹೊತ್ತು ತಂದ. ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕುಳಿತಳು. ಇನ್ನು ಬಾಯಿ ಬಿಡದಿದ್ದರೆ ಜನ್ಮ ಪೂರ್ತಿ ಮರುಗಬೇಕೆಂದು ಅವನು ಧೈರ್ಯ ಮಾಡಿದ.

‘ನೀವು ಹೋದರ ನನಗ ಇಲ್ಲಿ ಮನಸ ಹತ್ತೂದಿಲ್ರಿ. ನಿಮ್ಮನ್ನ ಲಗ್ನ ಆಗಬೇಕಂತ ಆಸೆ ಐತಿ.’

ಕುಸುಮ ಕಿಟಕಿಯ ಸರಳು ಹಿಡಿದು ಬಗ್ಗಿದಳು. ಮುಖವೆಲ್ಲ ಕೆಂಪಾಗಿತ್ತು.

‘ರವಿವಾರ ಅಥಣಿಗೆ ಬರ್ರಿ. ಅಪ್ಪಗ ನಾ ಹೋದ ವಾರನ ಹೇಳಿಟ್ಟೇನಿ.’