ಇಡಾ ಕ್ರೌಸ್ ಅವರ ಗಾಜಿನ ಪಾತ್ರೆ

"ಇಡಾ ಕ್ರೌಸ್ ಅಂದ್ರೆ ನೀವೇನಾ?"

ಚರ್ಚಿನ ನೆಲಮಾಳಿಗೆಯಲ್ಲಿ ಭಾನುವಾರ ಮಧ್ಯಾಹ್ನದ ಊಟ ನಡೆದಿತ್ತು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸು ತಿರುಗಿ ನೋಡಿದಳು. ನಲವತ್ತರ ವಿಧವೆ. ತುಟಿಗೆ ಬಣ್ಣ ಕೂಡ ಇಲ್ಲ.

ಇವಳಲ್ಲಿ ಅವನಿಗೆ ಏನು ಕಂಡಿತೋ... ಪ್ರಶ್ನೆ ಕೇಳಿದ್ದ ಡೋರೀನ್‌ಗೆ ಮೈಯೆಲ್ಲ ಉರಿಯಿತು.

"ನಿಮ್ಮ ಪಾತ್ರೆ ನನ್ನ ಗಂಡನ ಕಾರಲ್ಲಿ ಸಿಕ್ತು. ತಗೊಳ್ಳಿ. ನಮ್ಮ ಬೀದೀಲಿ ಪಾತ್ರೇನ ಖಾಲಿ ವಾಪಸ್ ಕೊಡೋ ಪದ್ಧತಿ ಇಲ್ಲ."

ಇಡಾ ಸುತ್ತಿದ್ದ ಬಟ್ಟೆ ಬಿಚ್ಚಿ ಮುಚ್ಚಳ ತೆಗೆದಳು. ಒಳಗೆ ಡೋರೀನ್‌ಳ ಗಂಡ ವೆಂಡೆಲ್‌ನ ರೇಜರ್, ಹಲ್ಲುಜ್ಜುವ ಬ್ರಷ್, ಎರಡು ಜೊತೆ ಕಾಲುಚೀಲ!

"ಅವನನ್ನೂ ಇಟ್ಕೊಳ್ಳಿ. ಕಾಲುಚೀಲ ಒಗೆದಿದೀನಿ."

ನೂರು ಜನರಿದ್ದ ಕೋಣೆಯಲ್ಲಿ ಒಂದು ಚಮಚದ ಸದ್ದೂ ಇಲ್ಲ. ಮೇಜಿನ ಕೊನೆಯಲ್ಲಿ ವೆಂಡೆಲ್ ಬಿಳಿಚಿಕೊಂಡು ಎದ್ದು ನಿಂತ. ಈ ಒಂದು ಗಳಿಗೆಗಾಗಿ ಡೋರೀನ್ ಮೂರು ವಾರ ಕಾದಿದ್ದಳು.

ಓವರ್‌ಟೈಮ್ ಎಂದು ಪ್ರತಿ ಗುರುವಾರ ಕಾರು ತೆಗೆದುಕೊಂಡು ಹೋಗಿ ತಡವಾಗಿ ಬರುತ್ತಿದ್ದ. ಆ ಕಾರಿನ ಹಿಂದಿನ ಸೀಟಿನ ಕೆಳಗೆ ಈ ಪಾತ್ರೆ ಸಿಕ್ಕಿತ್ತು. ತಳದಲ್ಲಿ, ಊರಿನ ಎಲ್ಲ ಹೆಂಗಸರೂ ಅಂಟಿಸುವಂತೆ, ಹೆಸರು ಬರೆದ ಪಟ್ಟಿ. ಅಂದಿನಿಂದ ಅವನಿಗಾಗದ ದನದ ಲಿವರನ್ನೇ ಹುರಿದು ಬಡಿಸಿದಳು. ಉಳಿದ ದಿನ ಸಂಜೆ, ಕೆಲಸ ಮುಗಿಸಿ ರೈಲಿನಲ್ಲಿ ಬರುವ ಅವನನ್ನು ಕರೆತರಲು ನಿಲ್ದಾಣಕ್ಕೆ ಕಾರು ಒಯ್ಯಲಿಲ್ಲ. ಎರಡು ಮೈಲಿ ಹಿಮದ ಕೆಸರು ತುಳಿದುಕೊಂಡು ಅವನು ನಡೆದು ಬಂದ.

ಯಾಕೆ ಎಂದು ಒಮ್ಮೆಯಾದರೂ ಕೇಳಬೇಕಲ್ಲ! ಕೇಳಲಿಲ್ಲ. ಎರಡು ವರ್ಷದಿಂದ ಆ ಮನೆಯಲ್ಲಿ ಮಾತೆಂದರೆ ಉಪ್ಪು ಕೊಡು, ದೀಪ ಆರಿಸು, ಅಷ್ಟೇ. ಹೆರಿಗೆಯ ಮಂಪರಿನಿಂದ ಅವಳು ಎಚ್ಚೆತ್ತಾಗ ಮಗು ಇರಲಿಲ್ಲ. ಹೆಣ್ಣುಮಗು, ಉಸಿರಿಲ್ಲದೆ ಹುಟ್ಟಿತು ಎಂದರು. ತೋರಿಸಲೂ ಇಲ್ಲ. ಮನೆಗೆ ಬಂದರೆ ತೊಟ್ಟಿಲು ಮಾಯವಾಗಿತ್ತು, ಮಗುವಿನ ಹಳದಿ ಕೋಣೆಗೆ ಬಿಳಿ ಬಣ್ಣ ಬಳಿದಾಗಿತ್ತು. ವೆಂಡೆಲ್ ಅದರ ಮಾತೇ ಎತ್ತಲಿಲ್ಲ. ಆ ಬಿಳಿ ಗೋಡೆಗೂ ಸೇರಿಸಿ ಇವತ್ತು ಸೇಡು ತೀರಿತು.

ಇಡಾ ಸಿಟ್ಟಾಗಲಿಲ್ಲ. ಮುಚ್ಚಳ ಮುಚ್ಚಿ, ಡೋರೀನ್‌ಗೆ ಮಾತ್ರ ಕೇಳುವಂತೆ ಹೇಳಿದಳು.

"ನಿನಗೆ ನನ್ನ ಗುರುತಿರಲ್ಲಮ್ಮ. ಆವತ್ತು ಹೆರಿಗೆ ವಾರ್ಡಲ್ಲಿ ನಾನೇ ನರ್ಸ್. ನಿನ್ನ ಮಗೂನ ಒರೆಸಿ ಸುತ್ತಿದ್ದು ಇದೇ ಕೈ."

ಇಡಾ ಇನ್ನೂ ಹತ್ತಿರ ಬಂದಳು.

"ಸ್ಮಶಾನದಲ್ಲಿ ಮಕ್ಕಳದೊಂದು ಮೂಲೆ ಇದೆ, ಕಲ್ಲಿಲ್ಲ, ಹೆಸರಿಲ್ಲ. ಪ್ರತಿ ಗುರುವಾರ ನಿನ್ನ ಗಂಡ ಅಲ್ಲಿ ಕೂತಿರ್ತಾನೆ. ಆಮೇಲೆ ನನ್ನ ಮನೆಗೆ ಬಂದು ಅದೇ ಪ್ರಶ್ನೆ, ಮಗು ಹೇಗಿತ್ತು ಅಂತ. ಹೊಟ್ಟೆಗಿಲ್ದೆ ಹೋಗ್ತಾನಲ್ಲ ಅಂತ ಒಂದಿನ ಈ ಪಾತ್ರೇಲಿ ನೂಡಲ್ಸ್ ಕಟ್ಟಿಕೊಟ್ಟೆ."

ಗೆದ್ದಿದ್ದೇನೆ ಅಂದುಕೊಂಡವಳಿಗೆ ನಿಂತ ನೆಲವೇ ಸರಿದಂತಾಯಿತು. ಬಳಿಗೆ ಬಂದಿದ್ದ ವೆಂಡೆಲ್‌ನ ಎದೆಗೆ ಎರಡೂ ಕೈಯಿಂದ ಗುದ್ದಿದಳು.

"ಇವರಿಗೆ ಹೇಳೋಕೆ ಬಾಯಿತ್ತು. ನನಗೆ ಹೇಳೋಕೆ ಏನಾಗಿತ್ತು ನಿನಗೆ?"

"ಡಾಕ್ಟರ್ ಹೇಳಿದ್ರು... ನಿನ್ನ ಹೆಂಡತಿ ಮುಂದೆ ಮಗು ಮಾತೆತ್ತಿದ್ರೆ ಹುಚ್ಚು ಹಿಡಿಯುತ್ತೆ, ಮರೆಯೋಕೆ ಬಿಡು ಅಂತ."

"ಡಾಕ್ಟರ್ ಮಾತು ಕೇಳಿದೆ. ನನ್ನ ಕೇಳಲಿಲ್ಲ. ನಾನೊಬ್ಬಳೇ ಮಗಳ ನೆನಪಲ್ಲಿ ಸಾಯ್ತಿದೀನಿ ಅಂದ್ಕೊಂಡಿದ್ದೆ ಕಣೋ..."

ಅವನು ತಲೆ ತಗ್ಗಿಸಿ ಅತ್ತ, ಎಲ್ಲರ ಎದುರಿಗೇ. ಅವನು ಅಳುವುದನ್ನು ಅವಳು ಕಂಡದ್ದು ಅದೇ ಮೊದಲು. ಮನಸ್ಸು ಕರಗಿತೆಂದಲ್ಲ, ಆದರೆ ಎತ್ತಿದ ಕೈ ಇಳಿಯಿತು.

ಇಡಾ ಪಾತ್ರೆಯನ್ನು ಡೋರೀನ್‌ಳ ಕಡೆಗೆ ನೂಕಿದಳು. "ಇದನ್ನ ಮನೆಗೆ ತಗೊಂಡು ಹೋಗು. ಇದರಲ್ಲಿರೋದು ನನಗೆ ಬೇಡ."

ಪಾತ್ರೆಯನ್ನು ಕಂಕುಳಲ್ಲಿಟ್ಟುಕೊಂಡು ಡೋರೀನ್ ಹೊರಗೆ ನಡೆದಳು. ವೆಂಡೆಲ್ ಹಿಂದೆಯೇ ಬಂದ. ಕಾರಿನ ಬಾಗಿಲು ತೆಗೆದು ಅವಳೇ ಸ್ಟೀರಿಂಗ್ ಮುಂದೆ ಕುಳಿತಳು.

"ಕ್ಷಮಿಸಿದೀನಿ ಅಂತ ತಿಳ್ಕೋಬೇಡ. ಆ ಜಾಗಕ್ಕೆ ದಾರಿ ಹೇಳು."

"ಎಡಕ್ಕೆ."

ಡೋರೀನ್ ಕಾರನ್ನು ಎಡಕ್ಕೆ ತಿರುಗಿಸಿದಳು.

"ಅಲ್ಲಿ ಕೂತು... ಅವಳನ್ನ ಏನಂತ ಕರೀತೀಯ?"

"ಕೋರಾ. ನೀನು ಆರಿಸಿದ್ದ ಹೆಸರು."

ಕಣ್ಣೀರಿನಲ್ಲಿ ರಸ್ತೆ ಮಂಜಾಯಿತು. ಡೋರೀನ್ ಕಾರನ್ನು ಬದಿಗೆ ನಿಲ್ಲಿಸಿ, ಅವನತ್ತ ನೋಡದೆಯೇ ಅವನ ಕೈ ಹಿಡಿದಳು.

"ಕೂದಲಿತ್ತಾ?"

"ತುಂಬಾ. ನಿನ್ನ ಹಾಗೇ ಕಪ್ಪು."

"ಇನ್ನೊಂದ್ಸಲ ಹೇಳು, ವೆಂಡೆಲ್."